ಜೋಲುತೋಳು ಹೊತ್ತು ಬ್ಯಾಂಕಾಕಿಗೆ

ಕೋಟೇಶ್ವರ

ಬ್ಯಾಂಕಾಕಿಗೆ ಹೋಗಿಬಂದ ಗಂಡಸು ಕೋಟೇಶ್ವರದಲ್ಲಿ ಬಸ್ಸಿಳಿದರೆ ಅವನಿಗೆ ಕಾದಿರುವುದು ಒಂದೇ ಪ್ರಶ್ನೆ: “ಹ್ವಾಯ್, ಹೆಂಗಿತ್ತ್?” ಕೇಳುವವರ ಒಂದು ಕಣ್ಣು ತುಸು ಸಣ್ಣದಾಗಿರುತ್ತದೆ. ಹೂವಿನಂಗಡಿಯವರು ಕೇಳಿದರು. ಸಲೂನಿನವರು ಕತ್ತರಿ ನಿಲ್ಲಿಸಿ ಕೇಳಿದರು. ನನಗೆ ಅಕ್ಷರ ಕಲಿಸಿದ ನಿವೃತ್ತ ಮಾಸ್ಟ್ರು ಕೊಡೆ ಮಡಚಿ, ಅತ್ತಿತ್ತ ನೋಡಿ, ಹತ್ತಿರ ಬಂದು ಕೇಳಿದರು. ನಾನು ಎಲ್ಲರಿಗೂ ಹಲ್ಲು ತೋರಿಸಿ ಮುಂದೆ ಹೋದೆ. ಅವರಿಗೆ ಅಷ್ಟು ಸಾಕು. ಉಳಿದದ್ದನ್ನು ಅವರವರ ಯೋಗ್ಯತೆಗೆ ತಕ್ಕಂತೆ ತುಂಬಿಸಿಕೊಳ್ಳುತ್ತಾರೆ.

ನಾನು ಉತ್ತರ ಕೊಡದಿದ್ದುದು ಗುಟ್ಟು ಕಾಯಲಿಕ್ಕಲ್ಲ. ಸ್ವರ ಇಲ್ಲ. ಬಾಯಿ ತೆರೆದರೆ ಪಂಚರ್ ಆದ ಸೈಕಲ್ ಟ್ಯೂಬಿನ ಹಾಗೆ ಗಾಳಿ ಹೋಗುತ್ತದೆ, ಮಾತು ಹುಟ್ಟುವುದಿಲ್ಲ. ತೋಳಿನ ಜೋಲುಚರ್ಮ ಬಿಗಿ ಮಾಡಿಸಿಕೊಳ್ಳಲು ಹೋದವನು ಗಂಟಲು ಕೆಡಿಸಿಕೊಂಡು ಬಂದೆ. ತೋಳು ಹೋಗುವಾಗ ಹೇಗಿತ್ತೋ ಹಾಗೆಯೇ ಇದೆ. ಇದು ಬಸ್ ಸ್ಟ್ಯಾಂಡಿನಲ್ಲಿ ಪಿಸುಗುಟ್ಟಿ ಮುಗಿಸುವ ಸಂಗತಿಯಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಪರಿಚಯ ಇಲ್ಲದವರಿಗೆ ಹೇಳಬೇಕು: ನಾನು ಅನಂತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆಯ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಯುವಕ ಮಂಡಲದ ವರ್ಧಂತಿ, ಎಲ್ಲಿ ಮೈಕು ನೆಟ್ಟರೂ ಅಲ್ಲಿ ಮಿಮಿಕ್ರಿ ಮಾಡುತ್ತಿದ್ದವನು. ಸಿನಿಮಾದವರ ಸ್ವರ ನನಗೆ ಬೇಡ, ಅದನ್ನು ಎಲ್ಲರೂ ಮಾಡುತ್ತಾರೆ. ನಾನು ಮಾಡುತ್ತಿದ್ದುದು ಎದುರು ಕುಳಿತವರನ್ನೇ. ಮದುಮಗಳ ಸೋದರಮಾವ ಪಂಕ್ತಿಯಲ್ಲಿ ಕೂತು ಪಾಯಸದವನನ್ನು ಕರೆಯುವ ರೀತಿ. ಬಸ್ಸಿನ ಕಂಡಕ್ಟರ್ ತಲ್ಲೂರು ಹೆಮ್ಮಾಡಿ ಮುಳ್ಳಿಕಟ್ಟೆ ಎಂದು ಊರೂರನ್ನೇ ಒಂದೇ ಉಸಿರಿಗೆ ನುಂಗುವುದು. ಸಹಕಾರಿ ಸಂಘದ ಅಧ್ಯಕ್ಷರು ‘ಎರಡೇ ಮಾತು’ ಎಂದು ಶುರುಮಾಡಿ ಸಾರು ಆರುವವರೆಗೆ ನಿಲ್ಲಿಸದಿರುವುದು. ನನ್ನಿಂದ ಗೇಲಿ ಮಾಡಿಸಿಕೊಂಡವರೇ ಮಗಳ ಮದುವೆಗೆ ನನ್ನನ್ನು ಕರೆಯುತ್ತಿದ್ದರು. ಅದಕ್ಕಿಂತ ದೊಡ್ಡ ಬಿರುದು ನನಗೆ ಬೇಕಿರಲಿಲ್ಲ.

ಬ್ರಹ್ಮಾವರ

ಹಿಂದೆ ನಾನು ದಪ್ಪ ಇದ್ದೆ. ಸಾಮಾನ್ಯ ದಪ್ಪ ಅಲ್ಲ. ನಾನು ಆಟೋದಲ್ಲಿ ಕೂತರೆ ಜೊತೆಗೆ ಬಂದವರು ಇನ್ನೊಂದು ಆಟೋ ನೋಡಬೇಕಿತ್ತು. ದಪ್ಪದವನು ಮಿಮಿಕ್ರಿ ಮಾಡಿದರೆ ಜನ ಎರಡು ಪಾಲು ನಗುತ್ತಾರೆ, ಒಂದು ಪಾಲು ಸ್ವರಕ್ಕೆ, ಇನ್ನೊಂದು ಹೊಟ್ಟೆಗೆ. ಹೊಟ್ಟೆಯ ಪಾಲು ನನಗೆ ಸಾಕಾಯಿತು. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಎಂದು ಡಾಕ್ಟರೂ ಹೆದರಿಸಿದರು. ಎರಡು ವರ್ಷ ಕಡಲ ಕರೆಯಲ್ಲಿ ಓಡಿದೆ, ಮದುವೆ ಮನೆಯ ಹೋಳಿಗೆಗೆ ದೂರದಿಂದಲೇ ನಮಸ್ಕರಿಸಿದೆ, ಅರ್ಧ ಆಳಾದೆ. ಮಾಂಸ ಹೋಯಿತು. ಚರ್ಮ ಮಾತ್ರ, ಗಂಟುಮೂಟೆ ಕಟ್ಟಿ ಹೋದ ನೆಂಟರು ಬಿಟ್ಟುಹೋದ ಚಾಪೆಯ ಹಾಗೆ, ಅಲ್ಲೇ ಉಳಿಯಿತು. ಹೊಟ್ಟೆಯದ್ದನ್ನು ಅಂಗಿಯೊಳಗೆ ಮುಚ್ಚಬಹುದು. ತೋಳಿನದ್ದು ಹಾಗಲ್ಲ. ಕೈ ಎತ್ತಿದರೆ ಕಂಕುಳಿನಿಂದ ಮೊಣಕೈವರೆಗೆ ಒದ್ದೆ ಪಂಚೆಯ ಹಾಗೆ ಜೋತು ತೂಗುತ್ತಿತ್ತು.

ಬ್ರಹ್ಮಾವರದ ಒಂದು ಮದುವೆ ಹಾಲಿನಲ್ಲಿ ಅದು ನನ್ನನ್ನು ಗೆದ್ದಿತು. ಸಂಘದ ಅಧ್ಯಕ್ಷರನ್ನು ಮಾಡುತ್ತಿದ್ದೆ. ಅವರು ಬೆರಳೆತ್ತಿ ಛಾವಣಿಗೇ ಸವಾಲು ಹಾಕುವವರು. ನಾನೂ ಕೈ ಎತ್ತಿದೆ. ಅರ್ಧ ತೋಳಿನ ಅಂಗಿ ಸರಿಯಿತು, ಚರ್ಮ ಆ ಕಡೆ ಈ ಕಡೆ ಹೊಡೆದಾಡಿತು. ಎದುರು ಸಾಲಿನಲ್ಲಿದ್ದ ಮದುಮಗಳ ದೊಡ್ಡಮ್ಮ ಪಕ್ಕದವರಿಗೆ ಹೇಳಿದ್ದು ಮೈಕಿಗೂ ಕೇಳಿಸಿತು: “ಅವ್ನ್ ಕೈ ಕಾಣೆ, ಬಾವ್ಲಿ ರೆಕ್ಕಿ ಹಾಂಗೆ.” ಇಡೀ ಹಾಲು ನಕ್ಕಿತು. ನಾನು ಸ್ವರ ಬದಲಿಸಿದೆ, ಕಂಡಕ್ಟರನ್ನು ಮಾಡಿದೆ, ಸೋದರಮಾವನನ್ನು ಮಾಡಿದೆ. ಯಾರಿಗೂ ಸ್ವರ ಬೇಕಿರಲಿಲ್ಲ, ಎಲ್ಲರ ಕಣ್ಣೂ ನನ್ನ ತೋಳಿನ ಮೇಲೆ. ನಾನು ಮರ್ಯಾದೆ ಉಳಿಸಿಕೊಳ್ಳುವ ಜಾಣ ಅಲ್ಲವೇ, ಬೇಕೆಂದೇ ಮಾಡಿದ್ದೆಂದು ತೋರಿಸಲು ಇನ್ನೊಮ್ಮೆ ಕೈ ತೂಗಿಸಿದೆ. ಚಪ್ಪಾಳೆ ಬಿತ್ತು. ಅಲ್ಲಿಗೆ ಮುಗಿಯಿತು. ಮುಂದೆ ಎಲ್ಲಿ ಮೈಕು ಹಿಡಿದರೂ ಹಿಂದಿನ ಸಾಲಿನಿಂದ ಕೂಗು: “ಹ್ವಾಯ್ ಅನಂತು, ಕೈ ಆಡ್ಸ್.”

ಊರಿನವರನ್ನೆಲ್ಲ ಸ್ವರದಲ್ಲಿ ಹಿಡಿದವನಿಗೆ, ತನ್ನ ಸ್ವರಕ್ಕೆ ಕಿವಿಯೇ ಇಲ್ಲದಂತಾದರೆ ಏನಾಗುತ್ತದೆ ಎಂದು ಹೇಳಿದರೆ ಅರ್ಥವಾಗಲಿಕ್ಕಿಲ್ಲ. ನನಗೆ ತೋಳು ಚಂದ ಆಗಬೇಕಿರಲಿಲ್ಲ. ಜನ ನನ್ನನ್ನು ನೋಡದೆ ಕೇಳಬೇಕಿತ್ತು.

ಈ ಆಪರೇಶನ್ ನಮ್ಮ ಕಡೆಯೂ ಮಾಡುತ್ತಾರೆ. ಆದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಆಸ್ಪತ್ರೆಯ ಯಾವ ಬಾಗಿಲು ತಳ್ಳಿದರೂ ಒಳಗೊಬ್ಬ ನೆಂಟರು ಕೂತಿರುತ್ತಾರೆ. “ಕುಂದಾಪ್ರದಲ್ಲ್ ಮಾಡ್ಸ್ರೆ, ಕತ್ತರಿ ಇಡುಕ್ ಮುಂಚೆ ನಿನ್ ಅಮ್ಮಂಗ್ ಸುದ್ದಿ ಮುಟ್ಟತ್ತ್,” ಎಂದರು ವಾಸು ಭಾವ. ಇವರು ನನ್ನ ಅಕ್ಕನ ಗಂಡ, ಬೈಂದೂರಿನವರು, ಅರ್ಧ ಆಯುಷ್ಯ ಮುಂಬಯಿಯ ಹೋಟೆಲಿನ ಗಲ್ಲಾದಲ್ಲಿ ಕಳೆದು ಊರಿಗೆ ಮರಳಿದವರು. ಭಾವನಿಗೆ ಗೊತ್ತಿಲ್ಲದ ವಿಷಯ ಇಲ್ಲ, ಗೊತ್ತಿರುವುದು ಮಾತ್ರ ಬಹಳ ಕಡಿಮೆ. ಅವರ ಮುಂಬಯಿಯ ಗೆಳೆಯರೊಬ್ಬರ ಹೆಂಡತಿ ಬ್ಯಾಂಕಾಕಿನಲ್ಲಿ ಹೊಟ್ಟೆ ಬಿಗಿ ಮಾಡಿಸಿಕೊಂಡು ಬಂದಿದ್ದರಂತೆ. ಅಷ್ಟು ಸಾಕಾಯಿತು. ಮನೆಯಲ್ಲಿ ಬುದ್ಧನ ದೇವಸ್ಥಾನ ನೋಡಲು ಎಂದು ಹೇಳಿದೆವು. ಊರು ನಂಬಲಿಲ್ಲ. ಬ್ಯಾಂಕಾಕಿಗೆ ಹೋಗುವ ಗಂಡಸಿನ ಬಗ್ಗೆ ಏನು ಯೋಚಿಸಬೇಕೋ ಅದನ್ನೇ ಯೋಚಿಸಿತು. ಯೋಚಿಸಲಿ ಎಂದು ಬಿಟ್ಟೆ. ಜೋಲುತೋಳಿಗಿಂತ ಆ ಅಪವಾದವೇ ಮರ್ಯಾದೆಯದ್ದು.

ಮುಂಬಯಿ, ವಿಮಾನ ನಿಲ್ದಾಣ

ಕುಂದಾಪುರದಿಂದ ಮುಂಬಯಿಗೆ ರೈಲು. ದಾರಿಯುದ್ದಕ್ಕೂ ಭಾವ ಪ್ರತಿ ಸುರಂಗದ ಇತಿಹಾಸ ಹೇಳಿದರು. ಸುರಂಗ ಮುಗಿದರೂ ಇತಿಹಾಸ ಮುಗಿಯುತ್ತಿರಲಿಲ್ಲ. ಅವರ ಕೈಚೀಲದಲ್ಲಿ ಅಕ್ಕ ಕಟ್ಟಿಕೊಟ್ಟ ತೆಳು ಅವಲಕ್ಕಿ, ಬೆಲ್ಲದ ಅಚ್ಚು, ಮಾವಿನಮಿಡಿ ಉಪ್ಪಿನಕಾಯಿಯ ಡಬ್ಬ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಉಪ್ಪಿನಕಾಯಿಯನ್ನು ಹೊರಗಿಟ್ಟರು. ರಸ ಇದೆ, ಒಳಗೆ ಬಿಡಲಾಗದು ಎಂದರು. ಭಾವ ಮೊದಲು ಹಿಂದಿಯಲ್ಲಿ, ಆಮೇಲೆ ಮರಾಠಿಯಲ್ಲಿ, ಕೊನೆಗೆ ಯಾರಿಗೂ ಅರ್ಥವಾಗದಿರಲಿ ಎಂದು ಕುಂದಾಪ್ರದಲ್ಲಿ ವಾದಿಸಿದರು. “ಮಿಡಿ ಉಪ್ಪಿನ್ಕಾಯಲ್ಲ್ ಬಾಂಬ್ ಮಾಡುಕಾತ್ತಾ ಮಾರಾಯ್ರೆ? ಅಷ್ಟ್ ಖಾರ ಇದ್ರೆ ನಾನೇ ತಿಂತಿದ್ದಿಲ್ಲೆ.” ನಾನು ಪಕ್ಕದಲ್ಲಿ ನಿಂತು ಆ ಅಧಿಕಾರಿಯ ಮೂಗಿನ ಸ್ವರವನ್ನು ಸಣ್ಣಗೆ ಅಭ್ಯಾಸ ಮಾಡುತ್ತಿದ್ದೆ. ಕೊನೆಗೆ ಉಪ್ಪಿನಕಾಯಿ ಕಸದ ಡಬ್ಬಿಗೆ ಹೋಯಿತು. ಅವಲಕ್ಕಿಯನ್ನು ಮೂಸಿ ನೋಡಿ, ಇದರಿಂದ ಯಾರಿಗೂ ಅಪಾಯವಿಲ್ಲ ಎಂದು ಬಿಟ್ಟರು.

ಬ್ಯಾಂಕಾಕ್, ಗೆರೆ ಎಳೆದ ದಿನ

ಇಳಿದ ಕೂಡಲೇ ನನಗೆ ಮೋಸ ಹೋದಂತಾಯಿತು. ಪರದೇಶ ಎಂದರೆ ಮುಖಕ್ಕೆ ತಣ್ಣನೆ ಗಾಳಿ ಹೊಡೆಯಬೇಕು. ಇಲ್ಲಿ ಮೇ ತಿಂಗಳ ಕುಂದಾಪುರದ ಪೇಟೆಯೇ ಬಂದು ಅಪ್ಪಿಕೊಂಡಿತು. ಅದೇ ಬೆವರು, ಅದೇ ಒಣಮೀನಿನ ವಾಸನೆ, ಗಾಡಿಯ ಮೇಲೆ ರಾಶಿ ಹಾಕಿದ ಅದೇ ಎಳನೀರು. ವ್ಯತ್ಯಾಸ ಎಂದರೆ ಇವರು ಬೊಂಡವನ್ನು ಸೌತೆಕಾಯಿಯಂತೆ ಬೆಳ್ಳಗೆ ಸಿಪ್ಪೆ ತೆಗೆದು ಕೊಡುತ್ತಾರೆ, ಮತ್ತು ಕೊಡುವವನು ಮುಗುಳ್ನಗುತ್ತಾನೆ. ನಮ್ಮಲ್ಲಿ ಬೊಂಡದವರು ಕತ್ತಿ ಹಿಡಿದಾಗ ನಗುವುದಿಲ್ಲ, ಅದೇ ಒಳ್ಳೆಯದು.

ಆಸ್ಪತ್ರೆಯ ಎದುರು ಒಂದು ಕಂಬದ ಮೇಲೆ ಪುಟ್ಟ ಗುಡಿ. ಅದರ ಮುಂದೆ ಹೂಮಾಲೆ, ಬಾಳೆಹಣ್ಣು, ಮುಚ್ಚಳ ತೆಗೆದ ಕೆಂಪು ಸೋಡಾ ಬಾಟಲಿ, ಬಾಟಲಿಯೊಳಗೆ ಸ್ಟ್ರಾ. ಆ ಜಾಗದ ದೈವಕ್ಕಂತೆ. ನಾನು ನಗಲು ಹೊರಟೆ, ಭಾವ ತಡೆದರು. “ನೆಗಾಡ್ಬೇಡ. ನಮ್ಮ ನಾಗಂಗ್ ಹಾಲ್ ಎರಿತಿಲ್ಯಾ? ದೇವ್ರಿಗೂ ಕುಡಿಯುಕ್ ಆಸ್ರಿಗ್ ಬೇಕಲ್ದಾ, ಈ ಸೆಕಿಗೆ?” ಚಪ್ಪಲಿ ಬಿಟ್ಟು ಕೈಮುಗಿದರು. ಇಲ್ಲಿ ಕೈಮುಗಿಯುವುದಕ್ಕೆ ಕೊರತೆಯೇ ಇಲ್ಲ. ಬಾಗಿಲು ತೆರೆಯುವವನು, ಚೀಟಿ ಕೊಡುವವಳು, ನೆಲ ಒರೆಸುವವರು ಎಲ್ಲರೂ ಮುಗಿಯುತ್ತಾರೆ, ನಾವೂ ಮುಗಿಯಬೇಕು. ಒಂದು ಕಾರಿಡಾರು ದಾಟುವಷ್ಟರಲ್ಲಿ ಊರಿನಲ್ಲಿ ವರ್ಷವಿಡೀ ಮುಗಿದಷ್ಟು ಮುಗಿದಿದ್ದೆ, ಪ್ರತಿ ಸಲ ತೋಳಿನ ಚರ್ಮ ಅಂಗಿಯೊಳಗೆ ಪ್ರತ್ಯೇಕವಾಗಿ ನಮಸ್ಕಾರ ಮಾಡುತ್ತಿತ್ತು.

ನಮ್ಮನ್ನು ನೋಡಿಕೊಳ್ಳಲು ಆಸ್ಪತ್ರೆಯವರು ನೇಮಿಸಿದ ಹುಡುಗಿಯ ಹೆಸರು ನೋಕ್. ಇಂಗ್ಲಿಷು ಬರುತ್ತಿತ್ತು, ಭಾರತದಿಂದ ಬಂದ ರೋಗಿಗಳಿಂದ ಕಲಿತ ನಾಲ್ಕು ಹಿಂದಿ ಮಾತುಗಳೂ ಇದ್ದವು. ಭಾವ ಅವಳೊಂದಿಗೆ ಮುಂಬಯಿ ಹಿಂದಿಯಲ್ಲೇ ಮಾತಾಡಿದರು, ಅದೂ ದೊಡ್ಡ ಸ್ವರದಲ್ಲಿ. ದೊಡ್ಡದಾಗಿ ಹೇಳಿದರೆ ಯಾವ ಭಾಷೆಯೂ ಅರ್ಥವಾಗುತ್ತದೆ ಎಂಬುದು ಹೋಟೆಲಿನವರ ನಂಬಿಕೆ. ಇಲ್ಲಿನವರು ಮಾತ್ರ ಎಷ್ಟು ಮೆಲ್ಲಗೆ ಮಾತಾಡುತ್ತಾರೆಂದರೆ, ಲಿಫ್ಟಿನೊಳಗಿನ ಧ್ವನಿಯೂ ಮಹಡಿ ಬಂತೆಂದು ನಮ್ಮ ಕ್ಷಮೆ ಕೇಳುವಂತಿತ್ತು. ಹೆಂಗಸರು ಪ್ರತಿ ಮಾತಿನ ಕೊನೆಗೆ ‘ಖಾ’ ಎಂದು ಎಳೆಯುತ್ತಾರೆ, ಬಾಗಿಲನ್ನು ಸದ್ದಾಗದಂತೆ ಮುಚ್ಚಿದ ಹಾಗೆ.

ಮೂರನೇ ಸಲ ಲಿಫ್ಟ್ ಹತ್ತಿದಾಗ ನನಗೆ ತಡೆಯಲಾಗಲಿಲ್ಲ. ಅದು ಹೇಳುವ ಮುಂಚೆಯೇ ನಾನು ಹೇಳಿದೆ, ಅದೇ ಸ್ವರದಲ್ಲಿ, ಅದೇ ‘ಖಾ’ ಸಮೇತ. ಒಂದು ಅಕ್ಷರದ ಅರ್ಥ ಗೊತ್ತಿರಲಿಲ್ಲ. ನೋಕ್ ಲಿಫ್ಟಿನ ಸ್ಪೀಕರನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿ ನಕ್ಕಳು. ಮತ್ತೊಮ್ಮೆ ಮಾಡು ಎಂದಳು, ಮಾಡಿದೆ. ಆಗ ನಾನು ತೋಳಿಲ್ಲದ ಬನಿಯನ್ನಿನಲ್ಲಿದ್ದೆ, ಡಾಕ್ಟರು ನೋಡಲೆಂದು. ಅವಳು ತೋಳನ್ನು ನೋಡಲೇ ಇಲ್ಲ. ಎಷ್ಟೋ ತಿಂಗಳ ನಂತರ ಒಬ್ಬರು ನನ್ನ ಸ್ವರಕ್ಕೆ ಮಾತ್ರ ನಕ್ಕಿದ್ದರು. ನನಗೆ ಬುದ್ಧಿ ಇದ್ದಿದ್ದರೆ ಆ ಲಿಫ್ಟಿನಲ್ಲೇ ಕೆಳಗಿಳಿದು ಊರಿಗೆ ಬರುತ್ತಿದ್ದೆ.

ಡಾಕ್ಟರು ಎರಡೂ ಕೈ ಎತ್ತಿಸಿ, ಪೊಲೀಸರಿಗೆ ಶರಣಾದವನಂತೆ ನಿಲ್ಲಿಸಿದರು. ಚರ್ಮವನ್ನು ಚಿವುಟಿ ಹಿಡಿದು, ನೇರಳೆ ಬಣ್ಣದ ಪೆನ್ನಿನಿಂದ ಕಂಕುಳಿನಿಂದ ಮೊಣಕೈವರೆಗೆ ಗೆರೆ ಎಳೆದರು. ದರ್ಜಿ ಚಾಕ್‌ಪೀಸಿನಲ್ಲಿ ಎಳೆಯುವುದಿಲ್ಲವೇ, ಹಾಗೆ. ಗೆರೆ ಇರುವಲ್ಲಿ ಕತ್ತರಿಸುತ್ತಾರೆ, ಹೊಲಿಗೆಯ ಕಲೆ ಜೀವನವಿಡೀ ಇರುತ್ತದೆ, ಆದರೆ ಒಳಮೈಗೆ ಬರುವುದರಿಂದ ಕೈ ಇಳಿಸಿದರೆ ಕಾಣದು ಎಂದು ನೋಕ್ ವಿವರಿಸಿದಳು.

“ಕೈ ಎತ್ತಿರೆ ಕಾಂತ್ತಾ ಕೇಣ್,” ಎಂದರು ಭಾವ.

“ಕಾಂತ್ತಂಬ್ರ್.”

“ಹಾಂಗಾರೆ ನೀನ್ ಎಂತಕ್ಕ್ ಬಂದದ್ದ್? ನಿನ್ ಕೆಲ್ಸವೇ ಕೈ ಎತ್ತುದಲ್ದಾ?”

ಅದು ಭಾವ ಇಡೀ ಪ್ರವಾಸದಲ್ಲಿ ಕೇಳಿದ ಏಕೈಕ ಬುದ್ಧಿವಂತ ಪ್ರಶ್ನೆ. ಕಲೆ ತೂಗುವುದಿಲ್ಲ ಭಾವ, ಎಂದು ನಾನು ಬಾಯಿ ಮುಚ್ಚಿಸಿದೆ.

ಉಪವಾಸದ ಬೆಳಗು

ಆಪರೇಶನ್ ಮರುದಿನ ಮಧ್ಯಾಹ್ನಕ್ಕೆ ಮುಂಚೆ. ಸಂಜೆ ನೋಕ್ ಫೋನು ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ, ಭಾವ ತೆಗೆದುಕೊಂಡರು. ಹೊರಬಂದಾಗ ಹೇಳಿದರು: “ನಾಳೆ ನಿಂಗ್ ಫಾಸ್ಟಿಂಗ್ ಅಂಬ್ರ್. ಉಪಾಸ.”

ನಮ್ಮ ಮನೆಗಳ ಉಪವಾಸ ಏನೆಂದು ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗದು. ನಮ್ಮಲ್ಲಿ ಉಪವಾಸ ಎಂದರೆ ಅನ್ನ ಇಲ್ಲ, ಅಷ್ಟೇ. ಅನ್ನ ಬಿಟ್ಟ ಮನುಷ್ಯನಿಗೆ ನಿಶ್ಶಕ್ತಿ ಆಗಬಾರದಲ್ಲ, ಅದಕ್ಕೆ ಫಲಾಹಾರ. ಬೆಲ್ಲ ಕಾಯಿ ಕಲಸಿದ ಅವಲಕ್ಕಿ, ಮೊಸರವಲಕ್ಕಿ, ಬಾಳೆಹಣ್ಣು, ಹಾಲು. ನನ್ನ ಅಜ್ಜಿ ಏಕಾದಶಿಯ ದಿನ ಬೆಳಿಗ್ಗೆಯಿಂದಲೇ ‘ಇವತ್ತ್ ನಂಗ್ ಎಂತೂ ಇಲ್ಲೆ’ ಎಂದು ನಿಟ್ಟುಸಿರು ಬಿಡುತ್ತ ತಿನ್ನುತ್ತಿದ್ದ ಅವಲಕ್ಕಿಯ ರಾಶಿಯಲ್ಲಿ ನಾನು ಬೆಕ್ಕಿನಮರಿ ಬಚ್ಚಿಡಬಹುದಿತ್ತು. ಆ ನಿಟ್ಟುಸಿರು ನನ್ನ ಮೊದಲ ಮಿಮಿಕ್ರಿ.

ಬೆಳಿಗ್ಗೆ ಎದ್ದಾಗ ಭಾವ ಮಡಿಯಾಗಿ, ಹಣೆಗೆ ಗಂಧ ಇಟ್ಟುಕೊಂಡು, ಹೋಟೆಲು ಕೋಣೆಯ ನೆಲದಲ್ಲಿ ಕೂತಿದ್ದರು. ಹಿಂದಿನ ದಿನ ಪೇಟೆ ಸುತ್ತಿ ಬಲಿತ ತೆಂಗಿನಕಾಯಿಯೊಂದನ್ನು ಹುಡುಕಿ ತಂದಿದ್ದರು. ಹೆರಮಣೆ ಇಲ್ಲ, ಚಮಚದ ಅಂಚಿನಿಂದ ಕೆರೆದು ಕೆರೆದು ಹೆಬ್ಬೆರಳು ಕೆಂಪಾಗಿತ್ತು. ಬೆಲ್ಲ, ಕಾಯಿ, ಅವಲಕ್ಕಿ ಕಲಸಿ ಕಾಗದದ ತಟ್ಟೆಯಲ್ಲಿ ಗೋಪುರ ಮಾಡಿದ್ದರು.

“ಭಾವ, ಎಂತೂ ತಿಂಬುಕಾಗ ಅಂದ್ರಾ ಹೆಂಗೆ?” ನಾನು ಕೇಳಿದೆ. ಕೇಳಿದ್ದೇನೆ, ಅದನ್ನು ಬರೆದಿಡಬೇಕು.

“ಫಾಸ್ಟಿಂಗ್ ಅಂದ್ರ್. ನಾನ್ ಕೇಂಡೆ, ರೈಸ್ ನಹೀ? ಅಂತ. ನೋ ರೈಸ್, ನೋ ರೈಸ್ ಅಂತು ಆ ಹೆಣ್ಣ್. ಮತ್ತೆಂತ ಬೇಕ್? ಅನ್ನ ಮುಟ್ಟುಕಾಗ, ಅಷ್ಟೇ.”

“ಅವಲಕ್ಕಿಯೂ ಅಕ್ಕಿಯದ್ದೇ ಅಲ್ದಾ?”

“ನಿನ್ ಅಜ್ಜಿಗ್ ಹೇಳ್ಕಿತ್ತ್ ಅದನ್ನ. ಸುಮ್ನೆ ತಿನ್ ಮಾಣಿ. ಹೊಟ್ಟಿ ಹಸ್ಕಂಡ್ ಕತ್ತರಿಗ್ ಕೈ ಕೊಟ್ರೆ ತಲಿ ತಿರುಗ್ತ್. ನಿನ್ ಅಕ್ಕಂಗ್ ನಾನ್ ಎಂತ ಉತ್ರ ಕೊಡ್ಕ್?”

ನಾನು ಬಿ.ಕಾಂ. ಓದಿದವನು, ಮೊಬೈಲಿನಲ್ಲಿ ಲೋಕವೆಲ್ಲ ನೋಡಿದವನು. ಆದರೂ ಗಂಧದ ಬೊಟ್ಟಿನ ಭಾವ ಕೆಂಪು ಹೆಬ್ಬೆರಳಿನಲ್ಲಿ ತಟ್ಟೆ ಮುಂದೆ ತಳ್ಳಿದಾಗ, ಪರದೇಶದ ಆ ಹೆದರಿಕೆಯ ಬೆಳಿಗ್ಗೆ, ಅದು ಮನೆಯ ಹಾಗೆ ಕಂಡಿತು. ತಿಂದೆ. ಚೆನ್ನಾಗಿತ್ತು. ಇನ್ನೊಂದು ಹಿಡಿ ಹಾಕಿಸಿಕೊಂಡೆ.

ಆಸ್ಪತ್ರೆಯಲ್ಲಿ ನರ್ಸು ಕೇಳಿದರು, ನೋಕ್ ಕೇಳಿದಳು, ಅರಿವಳಿಕೆ ಕೊಡುವ ಡಾಕ್ಟರೂ ಕೇಳಿದರು: ಫಾಸ್ಟಿಂಗ್? ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಅಜ್ಜಿಯ ಏಕಾದಶಿಯ ನಿಟ್ಟುಸಿರು ಬಿಟ್ಟೆ. “ಫಾಸ್ಟಿಂಗ್, ಫಾಸ್ಟಿಂಗ್.” ಎಂದಿನಿಂದ? ನಿನ್ನೆಯಿಂದ. ನನ್ನ ಲೆಕ್ಕದಲ್ಲಿ ಅದು ಸತ್ಯವೇ. ನೋಕ್ ನಕ್ಕಳು. ಬಾಗಿಲಿನವರೆಗೆ ಬಂದ ಭಾವ, “ಹೆದ್ರಬೇಡ, ಎಂತ ಆತಿಲ್ಲೆ,” ಎಂದರು. ನಾನು ಅದನ್ನೇ ಅವರ ಸ್ವರದಲ್ಲಿ ಅವರಿಗೆ ತಿರುಗಿ ಹೇಳಿದೆ. ನಾನು ಸ್ವರ ತೆಗೆದು ಆಡಿದ ಕೊನೆಯ ಮಾತು ಅದು, ಅದೂ ಇನ್ನೊಬ್ಬರದ್ದು.

ಗಾಜಿನ ಕೋಣೆ

ಕಣ್ಣು ಬಿಟ್ಟಾಗ ಗಂಟಲಿನಲ್ಲಿ ಕೊಳವೆ ಇತ್ತು. ಎಷ್ಟು ದಿನ ಕಳೆದಿದೆ ಎಂದು ಗೊತ್ತಿರಲಿಲ್ಲ. ಯಂತ್ರ ನನ್ನ ಬದಲು ಉಸಿರಾಡುತ್ತಿತ್ತು, ನನ್ನ ಉಸಿರಾಟವನ್ನೇ ಯಾರೋ ಮಿಮಿಕ್ರಿ ಮಾಡಿದ ಹಾಗೆ. ಕೈ ಎತ್ತಲು ನೋಡಿದೆ, ಕಟ್ಟಿದ್ದರು. ಕಣ್ಣು ಹೊರಳಿಸಿದೆ. ತೋಳು ಪಕ್ಕದಲ್ಲಿ ಬಿದ್ದಿತ್ತು, ಹೊಲಿಗೆ ಇಲ್ಲ, ಪಟ್ಟಿ ಇಲ್ಲ. ನೇರಳೆ ಗೆರೆ ಹಾಗೆಯೇ ಇತ್ತು.

ನೋಕ್ ಆಮೇಲೆ ತಿಳಿಸಿದಳು. ಮಂಪರು ಬಂದ ಕ್ಷಣದಲ್ಲೇ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು. ತೋಳನ್ನು ಯಾರೂ ಮುಟ್ಟಲಿಲ್ಲ. ಜೀವ ಉಳಿಸುವ ಗಡಿಬಿಡಿಯಲ್ಲಿ ಗಂಟಲಿಗೆ ಕೊಳವೆ ತುರುಕಿದರು, ಆ ಕೊಳವೆ ಬಹಳ ದಿನ ಅಲ್ಲೇ ಉಳಿಯಿತು.

ಗಾಜಿನ ಆಚೆ ಭಾವ ನಿಂತಿದ್ದರು. ಒಂದು ಬೆಳಿಗ್ಗೆ ಅವರ ಎದುರು ಡಾಕ್ಟರು, ಪಕ್ಕದಲ್ಲಿ ನೋಕ್. ಗಾಜು ದಪ್ಪ, ನನಗೆ ಏನೂ ಕೇಳುತ್ತಿರಲಿಲ್ಲ. ಆದರೆ ಜನರ ಬಾಯಿ ನೋಡಿ ಬದುಕಿದವನಿಗೆ ಸದ್ದು ಬೇಕಿಲ್ಲ. ನೋಕ್ ಏನೋ ಕೇಳಿದಳು. ಭಾವ ಎರಡೂ ಕೈ ಅಡ್ಡಡ್ಡ ಬೀಸಿದರು: ರೈಸ್ ನಹೀ, ರೈಸ್ ನಹೀ ಖಾಯಾ. ದೇವರ ಮೇಲೆ ಆಣೆ ಹಾಕುವವರ ಮುಖ. ಡಾಕ್ಟರು ಹೆಬ್ಬೆರಳು ತೋರುಬೆರಳಿನ ನಡುವೆ ಏನನ್ನೋ ತೆಳ್ಳಗೆ ಹಿಡಿದು ತೋರಿಸಿದರು, ತನ್ನ ಎದೆ ಮುಟ್ಟಿಕೊಂಡರು. ಇಲ್ಲಿಂದ ತೆಗೆದೆವು, ಎಂದು. ಭಾವನ ಕೈ ಗಾಳಿಯಲ್ಲೇ ನಿಂತಿತು. ಆ ಕೈ ಇಳಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಅವರು ಗಾಜಿನ ಕಡೆ ತಿರುಗಿದರು. ನಾನು ಎಚ್ಚರವಾಗಿರುವುದು ಅವರಿಗೆ ಕಂಡಿತು. ಆ ಮುಖಕ್ಕೊಂದು ಸ್ವರ ಕೊಟ್ಟು ಗೇಲಿ ಮಾಡಲು ಮನಸ್ಸು ಎಷ್ಟು ಹುಡುಕಿದರೂ ಸಿಗಲಿಲ್ಲ.

ಕೊಳವೆ ತೆಗೆದ ದಿನ ನಾನು ಮೊದಲು ಕರೆದದ್ದು ‘ಭಾವ’ ಎಂದು. ತುಟಿ ಕೂಡಿತು, ಬಿಟ್ಟಿತು. ನಡುವೆ ಏನೂ ಇರಲಿಲ್ಲ. ಗಂಟಲು ಒಣಗಿದೆ ಎಂದುಕೊಂಡು ನೀರಿಗೆ ಕೈ ತೋರಿಸಿದೆ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಸ್ವರದ ತಂತು ಎರಡು, ಒಂದು ಅಲುಗುತ್ತಿಲ್ಲ. ಮತ್ತೆ ಅಲುಗಬಹುದು, ಅಲುಗದೆಯೂ ಇರಬಹುದು, ಕಾಯಬೇಕು ಎಂದರು. ನೋಕ್ ಇದನ್ನು ಹೇಳಿ, ಕೊನೆಗೆ ಮರೆಯದೆ ‘ಖಾ’ ಸೇರಿಸಿದಳು. ಹೊರಡುವ ದಿನ ಅವಳು ನಮ್ಮನ್ನು ಲಿಫ್ಟಿನಲ್ಲಿ ಕರೆದುಕೊಂಡು ಹೋಗಲಿಲ್ಲ. ಮೆಟ್ಟಿಲಿನಿಂದ ಇಳಿಸಿದಳು, ನನಗೆ ಅಷ್ಟು ಶಕ್ತಿ ಇಲ್ಲವೆಂದು ಗೊತ್ತಿದ್ದೂ, ಮೆಟ್ಟಿಲು ಮೆಟ್ಟಿಲಿಗೂ ನಿಂತು.

ಕುಂದಾಪುರ

ಅಲ್ಲಿಯ ಹವೆ ಹಿಡಿಯದೆ ನನ್ನ ಗಂಟಲು ಕಟ್ಟಿದೆ ಎಂದು ಭಾವ ಅಮ್ಮನಿಗೆ ಹೇಳಿದರು. ಕುಂದಾಪುರದ ಗಂಟಲಿನ ಡಾಕ್ಟರೂ ಕಾಯಿರಿ ಎಂದರು, ಕೆಲವು ವ್ಯಾಯಾಮ ಕೊಟ್ಟರು. ದಿನವೂ ಕನ್ನಡಿ ಎದುರು ‘ಈ’ ಎನ್ನಬೇಕು. ಕನ್ನಡಿ ಮಂಜಾಗುತ್ತದೆ, ಅಷ್ಟೇ ಪ್ರಗತಿ.

ಒಂದು ವಿಚಿತ್ರ ಕಂಡುಕೊಂಡೆ. ನಾನು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಾರೆ. ಮೆಡಿಕಲ್ ಶಾಪಿನವರು ಮಾತ್ರೆಯ ಹೆಸರನ್ನು ಕಳ್ಳಸಾಗಣೆಯ ಮಾಲಿನಂತೆ ಕಿವಿಯಲ್ಲಿ ಹೇಳುತ್ತಾರೆ. ತಲ್ಲೂರು ಹೆಮ್ಮಾಡಿ ಎಂದು ಪೇಟೆಯೇ ಹಾರಿಹೋಗುವಂತೆ ಕೂಗುವ ಕಂಡಕ್ಟರೂ ನನ್ನ ಹತ್ತಿರ ಬಾಗಿ, “ಎಲ್ಲಿಗೆ?” ಎಂದು ಉಸಿರಿನಲ್ಲಿ ಕೇಳಿದ. ಅವನ ಸ್ವರದಿಂದ ಎಷ್ಟು ಚಪ್ಪಾಳೆ ಗಿಟ್ಟಿಸಿದ್ದೆ. ನನ್ನ ಜೊತೆಗೆ ಅವನದ್ದೂ ಹೋದಂತೆ ಕಂಡಿತು. ಮೊಬೈಲಿನಲ್ಲಿ ನನ್ನ ಹಳೆಯ ಕಾರ್ಯಕ್ರಮಗಳು ಬೇಕಾದಷ್ಟಿವೆ. ತೆರೆಯುವುದಿಲ್ಲ.

ಬೈಂದೂರು

ಮನೆಯಲ್ಲಿ ಅಮ್ಮನ ಪ್ರಶ್ನೆ ತಪ್ಪಿಸಲು ಈಗ ಹೆಚ್ಚು ದಿನ ಬೈಂದೂರಿನ ಅಕ್ಕನ ಮನೆಯಲ್ಲಿದ್ದೇನೆ. ಅಕ್ಕನಿಗೆ ಎಲ್ಲ ಗೊತ್ತು, ಭಾವನೇ ಬಂದ ದಿನ ಹೇಳಿಬಿಟ್ಟಿದ್ದರು. ಅವಳು ಬೈಯಲಿಲ್ಲ. ಅದು ಅವರಿಗೆ ಬೈಗುಳಕ್ಕಿಂತ ಕಷ್ಟವಾಗಿದೆ.

ಭಾವ ಈಗ ಶನಿವಾರ ಉಪವಾಸ ಮಾಡುತ್ತಾರೆ, ನನ್ನ ಸ್ವರಕ್ಕೆ ಹೇಳಿಕೊಂಡ ಹರಕೆ. ಅವಲಕ್ಕಿ ಇಲ್ಲ, ಹಾಲಿಲ್ಲ, ನೀರೂ ಇಲ್ಲ. “ತಲಿ ತಿರ್ಗಿ ಬಿದ್ರೆ ಎಂತ ಮಾಡುದ್? ಒಂದ್ ಬಾಳಿಹಣ್ಣಾರೂ ತಿನ್ನಿ,” ಎಂದು ಅಕ್ಕ ಬಾಗಿಲಲ್ಲಿ ನಿಂತು ಹೇಳುತ್ತಾಳೆ. “ಉಪಾಸ ಅಂದ್ರೆ ಉಪಾಸ,” ಎನ್ನುತ್ತಾರೆ ಭಾವ, ಜಗಲಿಯಲ್ಲಿ ಒಣಗಿದ ತುಟಿ ನೆಕ್ಕಿಕೊಳ್ಳುತ್ತ. ಆ ಬೆಳಿಗ್ಗೆ ನಾನು ಮಾಡಬೇಕಾಗಿದ್ದುದನ್ನು ಅವರು ವಾರವಾರ ಮಾಡುತ್ತಿದ್ದಾರೆ. ಸಾಕು ಭಾವ ಎಂದು ಗದರಿಸಬೇಕೆನಿಸುತ್ತದೆ. ಗದರಿಸಲು ಸ್ವರ ಬೇಕು.

ಕಳೆದ ಶನಿವಾರ ನನ್ನ ಫೋನು ರಿಂಗಾಯಿತು. ಬ್ರಹ್ಮಾವರದ ಕಡೆಯ ಯುವಕ ಮಂಡಲದ ಕಾರ್ಯದರ್ಶಿ. ನಾನು ಈಗ ಫೋನು ತೆಗೆಯುವುದಿಲ್ಲ, ತೆಗೆದರೆ ಆ ಕಡೆಯವರು ಹಲೋ ಹಲೋ ಎಂದು ಲೈನನ್ನು ಬೈದು ಇಡುತ್ತಾರೆ. ಅದು ನಿಂತು ಮತ್ತೆ ರಿಂಗಾಯಿತು. ಭಾವ ಎದ್ದು ಬಂದರು, ಗಂಟಲು ಸರಿಮಾಡಿಕೊಂಡರು, ಫೋನಿನ ಸ್ಪೀಕರು ಹಾಕಿದರು.

“ಹ್ವಾಯ್, ನಾನ್ ಅನಂತು ಮಾತಾಡುದ್.”

ನನ್ನ ಸ್ವರ ಮಾಡುತ್ತಿದ್ದರು. ಉಪವಾಸದ ಗಂಟಲಿನಲ್ಲಿ, ಇಲ್ಲದ ಎಳೆತನ ತಂದುಕೊಂಡು, ಮಾತಿನ ತುದಿಯನ್ನು ನಾನು ಎತ್ತುತ್ತಿದ್ದ ಹಾಗೆ ಎತ್ತಲು ಹೋಗಿ, ಹೋಟೆಲಿನಲ್ಲಿ ಅಡುಗೆಮನೆಗೆ ಆರ್ಡರು ಕೂಗುವವರ ಹಾಗೆ. ಇಷ್ಟು ಕೆಟ್ಟ ಮಿಮಿಕ್ರಿಯನ್ನು ನಾನು ಜನ್ಮದಲ್ಲಿ ಕೇಳಿಲ್ಲ.

“ಅಯ್ಯೋ ಮಾರಾಯ್ರೆ, ನಿಮ್ಮ್ ಸ್ವರ ಕೇಂಡ್ರೇ ನೆಗಿ ಬತ್ತ್,” ಎಂದರು ಕಾರ್ಯದರ್ಶಿ. ವರ್ಧಂತಿಗೆ ಬರಬೇಕು ಎಂದರು.

“ಈ ಸರ್ತಿ ಆತಿಲ್ಲೆ ಕಾಣಿ. ಗಂಟ್ಲ್ ಒಂಚೂರ್ ಸಮಾ ಇಲ್ಲೆ. ಸ್ವರ ಮಾಡುಕಾತಿಲ್ಲೆ,” ಎಂದರು ಭಾವ, ನನ್ನ ಸ್ವರ ಮಾಡುತ್ತ.

“ಸ್ವರ ಯಾರಿಗ್ ಬೇಕ್ ಮಾರಾಯ್ರೆ? ನೀವ್ ಸ್ಟೇಜಿಗ್ ಬಂದ್ ಎರ್ಡ್ ಸಲ ಕೈ ಆಡ್ಸ್ರೆ ಸಾಕ್. ಹಿಂದಿಂದ ಹಾಡ್ ಹಾಕ್ತೊ. ಮಕ್ಳೆಲ್ಲ ಅದನ್ನೇ ಕೇಂತಿದ್ದೊ.”

ಭಾವನ ಮುಖ ಕೆಂಪಾಯಿತು. ಫೋನನ್ನು ಅಂಗೈಯಿಂದ ಮುಚ್ಚಿ, ತನ್ನ ಸ್ವರಕ್ಕೆ ಮರಳಿ, “ಇಡ್ತೆ ನಾನ್. ಈ ಕಾರ್ಯದರ್ಶಿ ಅಪ್ಪಂಗ್ ಹೇಳ್ತೆ,” ಎಂದರು. ಅಕ್ಕ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು. ಅಂಗೈಯ ಕೆಳಗಿನಿಂದ ಕಾರ್ಯದರ್ಶಿ ಇನ್ನೂ ಮಾತಾಡುತ್ತಿದ್ದರು.

ನಾನು ಬರಿಮೈಯಲ್ಲಿದ್ದೆ, ಸೆಕೆಗೆ. ನೇರಳೆ ಗೆರೆ ಎಂದೋ ಅಳಿಸಿಹೋಗಿತ್ತು. ಭಾವನ ಮೊಣಕೈ ಮುಟ್ಟಿ, ಒಪ್ಪಿಕೊಳ್ಳಿ ಎಂದು ಸನ್ನೆ ಮಾಡಿದೆ. ಅವರು ತಲೆಯಾಡಿಸಿದರು, ಬೇಡ. ನಾನು ಇನ್ನೊಮ್ಮೆ ಸನ್ನೆ ಮಾಡಿದೆ. ಮೈಕಿನ ಎದುರು ನಿಲ್ಲಲು ನನ್ನ ಹತ್ತಿರ ಬೇರೆ ಏನಿದೆ ಎಂದು ಅವರಿಗೆ ಹೇಳುವ ಅಗತ್ಯವಿರಲಿಲ್ಲ.

ಭಾವ ಅಂಗೈ ತೆಗೆದರು. ನೀರು ಕಾಣದ ಗಂಟಲನ್ನು ಮತ್ತೊಮ್ಮೆ ಸರಿಮಾಡಿಕೊಂಡರು.

“ಬತ್ತೆ,” ಎಂದರು, ನನ್ನ ಸ್ವರದಲ್ಲಿ.